ಹಲಗೆ ಹತ್ತಿದವಳು

ನಮ್ಮ ಪಕ್ಕದ ಗದ್ದೆಯವಳಿಗೆ ನಡೆಯುತ್ತಾ ಮಾತಾಡಲು ಬರುತ್ತಿರಲಿಲ್ಲ. ಯಾರೇನು ಕೇಳಿದರೂ "ತಡೀರಿ, ನಿಂತ್ಕಳ್ತೀನಿ" ಎಂದು ಸೊಂಟಕ್ಕೆ ಕೈ ಕೊಟ್ಟು ನಿಂತ ಮೇಲೆಯೇ ಬಾಯಿ ತೆರೆಯುತ್ತಿದ್ದಳು.

ಹಿರಿಯೂರು ಕಡೆ ಗದ್ದೆಗೆ ಟ್ರ್ಯಾಕ್ಟರ್ ಇಳಿಯದ ಕಾಲ ಅದು. ನಾಟಿಗೆ ಮುಂಚೆ ಕೆಸರು ಮಟ್ಟ ಮಾಡಲು ಎತ್ತು ಎಳೆಯುವ ಹಲಗೆಯ ಮೇಲೆ ಗಂಡಸರು ನಿಂತು ಹೋಗುತ್ತಿದ್ದರು. ಒಂದು ವರ್ಷ ನಾಟಿಯ ದಿನವೇ ಅವಳ ಗಂಡ ಜ್ವರ ಬಂದು ಮಲಗಿದ. ಹರಿಯಬ್ಬೆಯಿಂದ ಬಂದ ನಾಟಿ ಹೆಂಗಸರು ಬದುವಿನ ಮೇಲೆ ಕುಳಿತಿದ್ದರು. ಮರುದಿನ ಅವರಿಗೆ ಬೇರೆಯವರ ಗದ್ದೆ ಇತ್ತು. ಕಿತ್ತಿಟ್ಟ ಭತ್ತದ ಪೈರು ಬಾಡುತ್ತಿತ್ತು. ಇವಳೇ ಹಲಗೆ ಹತ್ತಿದಳು.

"ಕಾಲು ಕೂಡಿಸ್ಕಂಡು ನಿಲ್ಲೇ, ಮರ್ಯಾದೆ ಐತೋ ಇಲ್ವೋ?" ಎಂದು ಅತ್ತೆ ಬದುವಿನಿಂದ ಕೂಗಿದಳು.

ಸೊಸೆ ಕಾಲು ಕೂಡಿಸಿದಳು. ಎತ್ತು ಎಳೆದದ್ದೇ ತಡ, ಕೆಸರಿಗೆ ಮುಖ ಕೊಟ್ಟು ಬಿದ್ದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

"ತಡೀರಿ, ನಿಂತ್ಕಳ್ತೀನಿ" ಎಂದವಳು ಸೀರೆಯನ್ನು ಕಚ್ಚೆ ಹಾಕಿದಳು. ಈ ಸಲ ಕಾಲು ತೀರಾ ಅಗಲಿಸಿದಳು. ತಿರುವಿನಲ್ಲಿ ಭಾರ ಬದಲಿಸಲಾಗದೆ ಮತ್ತೆ ಬಿದ್ದಳು. ಆಮೇಲೆ ಭುಜದಷ್ಟೇ ಅಗಲಕ್ಕೆ ಕಾಲಿಟ್ಟು ಮಂಡಿ ಸಡಿಲ ಬಿಟ್ಟಳು.

"ಅತ್ತೆ, ನೋಡಾಕಾಗದಿದ್ರೆ ಆ ಕಡೆ ತಿರುಗ್ರಿ."

ಹಲಗೆ ನೀರಿನ ಮೇಲೆ ಸಲೀಸಾಗಿ ಹೊರಟಿತು. ನಾಟಿಯವರು ಸೆರಗು ಬಿಗಿದು ಎದ್ದರು. ಅತ್ತೆ ಮಾತ್ರ ತಿರುಗಲಿಲ್ಲ. ಹಲಗೆ ಮೂಲೆಗೆ ಬಂದಾಗ ಬದುವಿನ ತುದಿಗೇ ಓಡಿದಳು.

"ಬಲಗಾಲು ಒತ್ತೇ! ಅಲ್ಲಿ ದಿಬ್ಬ ಐತೆ!"