ತಾಗಿತು ಅಂದವರ ಕ್ಲಾಸು

ಐರಿಷರ ಊರು ಕಾರ್ಕ್‌ನ ಡಗ್ಲಸ್ ಬಡಾವಣೆಯಲ್ಲಿ, ಚರ್ಚಿನ ಹಿಂದಿನ ಹಾಲ್‌ನಲ್ಲಿ ಕತ್ತಿವರಸೆ ಕಲಿಸಬೇಕು ಅಂತ ಹೊರಟಾಗ ಬಾಡಿಗೆ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕಮಿಟಿಯವರ ಜೊತೆ ಚೌಕಾಸಿಗೆ ಕೂತೆ. ಅಲ್ಲಿ ಬಿಂಗೋ ಆಟ ಮುಗಿದ ಮೇಲೆ ಕುರ್ಚಿ ಎತ್ತಿಟ್ಟು ನೆಲ ಒರೆಸುವ ಕೆಲಸ ನನ್ನದು. ಒರೆಸಿದ ನೆಲದ ಮೇಲೆ ವಾರಕ್ಕೊಂದು ಸಂಜೆಯೂ ನನ್ನದು. ಅವರು ಒಪ್ಪಿದರು. ಕೈಯಲ್ಲಿ ಕಾಸಿಲ್ಲ ಅಂತ ನೀವೂ ಬಾಗಿಲ ಹೊರಗೆ ನಿಂತುಬಿಡಬೇಡಿ. ಎದುರಿನವರಿಗೆ ಬೇಜಾರು ತರಿಸುವ ಕೆಲಸ ಯಾವುದು ಅಂತ ಮೊದಲು ನೋಡಿ. ನಿಮ್ಮ ಬಂಡವಾಳ ಅಲ್ಲಿರುತ್ತೆ.

ನಾನು ಕತ್ತಿ ಹಿಡಿಯಲು ಕಲಿತದ್ದು ಸೇನೆಯಲ್ಲಿ. ಹೆಂಡತಿಗೆ ಇಲ್ಲಿ ನರ್ಸ್ ಕೆಲಸ ಸಿಕ್ಕಿತು, ಅವಳ ಹಿಂದೆ ನಾನೂ ಬಂದೆ. ಕತ್ತಿಗಳು, ಮುಖಕ್ಕೆ ಹಾಕುವ ಜಾಲರಿಗಳು ಎಲ್ಲವನ್ನೂ ಮುಚ್ಚಿಹೋಗುತ್ತಿದ್ದ ಒಂದು ಕ್ಲಬ್ಬಿನಿಂದ ಮಾತಾಡಿ ಮಾತಾಡಿಯೇ ತಂದೆ. ಏಟು ತಾಗಿದಾಗ ದೀಪ ಹತ್ತುವ ಮೆಶೀನು ಮಾತ್ರ ಕೈಗೆಟುಕಲಿಲ್ಲ. ಹಾಗಾಗಿ ನನ್ನ ಕ್ಲಾಸಿನಲ್ಲಿ ಹಳೆಯ ಕಾಲದ ಪದ್ಧತಿಯೇ ಉಳಿಯಿತು: ಏಟು ಯಾರಿಗೆ ತಾಗಿತೋ ಅವರೇ ಕತ್ತಿ ಇಳಿಸಿ ಹೇಳಬೇಕು, ಹೊಡೆದವರು ಬಾಯಿ ಬಿಡುವಂತಿಲ್ಲ. ಹೇಳಬೇಕಾದ ಮಾತು 'ತಾಗಿತು'. ಕನ್ನಡ ಯಾಕೆ ಅಂದರೆ, ಕಲಿಸುವವನು ನಾನು, ಅದಕ್ಕೆ.

ಕೆಂಪು ಕೂದಲಿನ ಮಕ್ಕಳು ಕಾರ್ಕ್ ರಾಗದಲ್ಲಿ 'ತಾಗಿತು' ಅನ್ನೋದನ್ನ ಕೇಳಿ ದಾರಿಯಲ್ಲಿ ಹೋಗ್ತಿದ್ದ ಡಾಕ್ಟರಮ್ಮನೊಬ್ಬರು ಒಳಗೇ ಬಂದುಬಿಟ್ಟರು. ಹುಬ್ಬಳ್ಳಿಯಲ್ಲಿ ಓದಿದವರು. ಮುಂದಿನ ವಾರ ಮಗಳನ್ನು ತಂದು ಸೇರಿಸಿದರು. ಆ ಹುಡುಗಿಗೆ ಕನ್ನಡ ಅರ್ಥವಾಗುತ್ತೆ, ಉತ್ತರ ಮಾತ್ರ ಇಂಗ್ಲಿಷಲ್ಲಿ. ನನ್ನ ಕೈಯಲ್ಲಿ ತಯಾರಾದವರಲ್ಲಿ ಅವಳಷ್ಟು ಚುರುಕಿನ ಪಾದ ಇನ್ನೊಬ್ಬರದಿಲ್ಲ.

ಆಮೇಲೆ ಕೋವಿಡ್ ಬಂತು. ಹಾಲ್‌ಗೆ ಬೀಗ ಬಿತ್ತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗಬಾರದು ಅಂದರು. ಹೆಂಡತಿ ಆಸ್ಪತ್ರೆಯಿಂದ ಬಂದವಳೇ ಗ್ಯಾರೇಜಿನಲ್ಲಿ ಬಟ್ಟೆ ಬದಲಿಸಿ ಒಳಗೆ ಬರೋಳು. ಒಂದು ದಿನ ಕಮಿಟಿಯಾಕೆ ಫೋನು ಮಾಡಿ ನಯವಾಗಿಯೇ ತಿಳಿಸಿದಳು: ಹಾಲ್ ಮತ್ತೆ ತೆರೆದಾಗ ನನ್ನ ಕ್ಲಾಸಿಗೆ ಜನ ತುಂಬಿದ್ದರೆ ಸಂಜೆ ನನ್ನದೇ; ಇಲ್ಲದಿದ್ದರೆ ಯೋಗ ಕಲಿಸುವ ಐರಿಷ್ ಹೆಂಗಸೊಬ್ಬಳು ಕಾಯ್ತಿದ್ದಾಳೆ. ಇಂಡಿಯಾದಿಂದ ಬಂದ ನನ್ನನ್ನು ಯೋಗ ಜಾಗದಿಂದ ಎಬ್ಬಿಸುತ್ತೆ ಅಂತ ಯಾರು ಅಂದುಕೊಂಡಿದ್ದರು? ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕಾಲು ಕೇಳ್ತಿರಲಿಲ್ಲ. ಒಂದು ಸಲ ಚದುರಿದ ಕ್ಲಾಸನ್ನು ಮತ್ತೆ ಕಟ್ಟೋ ಶಕ್ತಿ ಉಳಿದಿರಲಿಲ್ಲ.

ಮಕ್ಕಳು ಎಲ್ಲಿದ್ದಾರೆ ಅಂತ ಡಾಕ್ಟರಮ್ಮನ ಹುಡುಗಿಗೆ ಫೋನು ಮಾಡಿ ಕೇಳಿದೆ. ಎಲ್ಲರೂ ಒಂದೇ ಆನ್‌ಲೈನ್ ಆಟದಲ್ಲಿದ್ದರು. ಕೋಟೆ, ಡ್ರ್ಯಾಗನ್, ಮಾತಾಡುವ ಮರಗಳಿರುವ ಮಾಯಾಲೋಕ. ಅಲ್ಲಿ ಎಲ್ಲರ ಸೊಂಟದಲ್ಲೂ ಕತ್ತಿ. ಹಿಡಿಯೋದು ಮಾತ್ರ ಸೌದೆ ಒಡೆಯುವವರ ಹಾಗೆ. ಗಿರಾಕಿ ಅಂಗಡಿಗೆ ಬಾರದಿದ್ದರೆ ಗಾಡಿ ತಳ್ಳಿಕೊಂಡು ಗಿರಾಕಿ ಇದ್ದಲ್ಲಿಗೆ ಹೋಗಬೇಕು. ಹೊರಟೆ.

ಒಳಗೆ ಹೋಗಲು ಒಂದು ವೇಷ ಬೇಕಂತೆ. ಮುದುಕ ಬೇಕು ಅಂದರೆ ಆ ಆಟದಲ್ಲಿ ಸಿಗೋದು ಕೋಲು ಹಿಡಿದ ಮಂತ್ರವಾದಿ ಮಾತ್ರ. ಕೋಲು ಬೇಡ ಅಂದೆ. ಹುಡುಗಿ ಹುಡುಕಿ ಹುಡುಕಿ ಮೊಣಕಾಲಿನವರೆಗೆ ಗಡ್ಡ ಬಿಟ್ಟ, ಕತ್ತಿ ಕಟ್ಟಿಕೊಂಡ ಕುಳ್ಳನೊಬ್ಬನನ್ನು ನನಗೆ ಕೊಡಿಸಿದಳು. 'ಗ್ರ್ಯಾಂಡ್ ಆಗಿದೀರಿ, ಮಾಸ್ಟರ್' ಅಂದರು ಎಲ್ಲರೂ. ಹೆಂಡತಿ ಹಿಂದಿನಿಂದ ಬಗ್ಗಿ ಸ್ಕ್ರೀನ್ ನೋಡಿ, 'ರೀ, ಮದುವೆಗೆ ಮುಂಚೆ ಇದನ್ನ ತೋರಿಸಬೇಕಿತ್ತು' ಅಂದಳು.

ಮಕ್ಕಳ ಜೊತೆಗೂ ಕರಾರು ಮಾಡಿಕೊಂಡೆ. ನಿಮ್ಮ ಲೋಕಕ್ಕೆ ನಾನು ಬರಬೇಕಾದರೆ ಮೊದಲು ನನ್ನ ಲೋಕಕ್ಕೆ ನೀವು ಬನ್ನಿ ಅಂದೆ. ಅಂದರೆ, ಮೊದಲು ಕ್ಯಾಮೆರಾ ಮುಂದೆ, ಅವರವರ ಅಡುಗೆಮನೆಯ ನೆಲದ ಮೇಲೆ, ಮರದ ಸೌಟು ಹಿಡಿದು ಹೆಜ್ಜೆ ಅಭ್ಯಾಸ. ಅದು ಮುಗಿದ ಮೇಲೆ ಕೋಟೆ. ಕೋಟೆಯ ಅಂಗಳದಲ್ಲಿ ಎದುರಾಳಿ ಎಷ್ಟು ದೂರ, ಯಾವಾಗ ಕಾಯಬೇಕು, ಯಾವಾಗ ನುಗ್ಗಬೇಕು ಅನ್ನೋದನ್ನೆಲ್ಲ ಹೇಳಿಕೊಟ್ಟೆ. ಬಟನ್ ಒತ್ತುವ ಬೆರಳಿಗೂ ತಾಳ್ಮೆ ಕಲಿಸಬಹುದು. ಅದನ್ನು ಕಂಡುಕೊಂಡವನು ನಾನೇ ಅಂತ ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಜಗಳ ಬಂದದ್ದು 'ತಾಗಿತು' ಮೇಲೆ. ಆಟದಲ್ಲಿ ಏಟು ಲೆಕ್ಕ ಹಾಕೋದು ಕಂಪ್ಯೂಟರು. ಪ್ರಾಣ ಎಷ್ಟು ಉಳಿದಿದೆ ಅಂತ ತೋರಿಸುವ ತಲೆಯ ಮೇಲಿನ ಕೆಂಪು ಪಟ್ಟಿ ಇಳಿಯುತ್ತೆ, ಯಾರೂ ಏನೂ ಹೇಳಬೇಕಿಲ್ಲ. ಇಲ್ಲೂ ಕತ್ತಿ ಇಳಿಸಿ ಹೇಳಿ ಅಂದೆ. ಇಳಿಸಿದರೆ ಅಲ್ಲೇ ಸಾಯ್ತೀವಿ ಅಂತ ಹುಡುಗರು ಸಿಡಿದೆದ್ದರು. ಅವರು ಹೇಳಿದ್ದೂ ನಿಜವೇ. ಚೌಕಾಸಿ ಮಾಡಿದೆ: ಡ್ರ್ಯಾಗನ್‌ಗೆ ಮರ್ಯಾದೆ ಬೇಡ, ಮನುಷ್ಯನ ಎದುರು ನಿಂತಾಗ ಬೇಕು. ಗೊಣಗುತ್ತಲೇ ಒಪ್ಪಿದರು.

ಚಳಿಗಾಲದಲ್ಲಿ ಕಾರ್ಕ್ ಕಡೆಯ ಗುಂಪುಗಳೆಲ್ಲ ಸೇರಿ ಆ ಲೋಕದಲ್ಲೇ ಒಂದು ಪಂದ್ಯ ಇಟ್ಟುಕೊಂಡವು. ಕೊನೆಯ ಸುತ್ತಿನಲ್ಲಿ ನಮ್ಮ ಎದುರು ಕೊಂಬಿನ ರಾಕ್ಷಸರ ವೇಷ ತೊಟ್ಟ ಗುಂಪು. ಅವರ ನಾಯಕನ ಮುಂದೆ ನಮ್ಮ ಹುಡುಗಿ. ನಾನು ಅಂಗಳದ ಕಲ್ಲಿನ ಮೇಲೆ ಕೂತಿದ್ದೆ, ಕುಳ್ಳನಾಗಿ. ಗೆದ್ದರೆ ನಾಲ್ಕು ಜನಕ್ಕೆ ಹೆಸರು ಗೊತ್ತಾಗುತ್ತೆ, ಕ್ಲಾಸು ಉಳಿಯುತ್ತೆ ಅನ್ನೋ ಲೆಕ್ಕ ನನ್ನದು. ಅವಳು ಗೆಲ್ಲುವುದರಲ್ಲೇ ಇದ್ದಳು. ಅಷ್ಟರಲ್ಲಿ ರಾಕ್ಷಸನ ಕತ್ತಿ ಅವಳ ಭುಜದೊಳಗೆ ಹಾದುಹೋದದ್ದು ಕಂಡಿತು. ಆದರೆ ಪಟ್ಟಿ ಇಳಿಯಲಿಲ್ಲ. ಆಮೇಲೆ ತಿಳಿಯಿತು: ಅವಳ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ತಾಯಿ ಆಸ್ಪತ್ರೆಯವರ ಜೊತೆ ವಿಡಿಯೋ ಕಾಲ್‌ನಲ್ಲಿದ್ದರು, ಇಂಟರ್ನೆಟ್ ತೊದಲಿತ್ತು. ಕಂಪ್ಯೂಟರು ಆ ಏಟನ್ನು ನುಂಗಿಹಾಕಿತ್ತು.

ಅವಳು ಕತ್ತಿ ಇಳಿಸಿ, 'ತಾಗಿತು' ಅಂದಳು.

ರಾಕ್ಷಸನಿಗೆ ಏನು ಗೊತ್ತು? ಎದುರಾಳಿ ಸುಮ್ಮನೆ ನಿಂತಳು ಅಂತ ಒಂದೇ ಏಟಿಗೆ ಕೆಡವಿದ. ಪಂದ್ಯ ಹೋಯಿತು. ನಮ್ಮ ಹುಡುಗರು ಅವಳ ಮೇಲೆ ಹರಿಹಾಯ್ದರು. ಇಬ್ಬರು ಇನ್ನು ಈ ಕ್ಲಾಸೇ ಬೇಡ ಅಂತ ಹೊರಟೇಹೋದರು. ಕ್ಲಾಸು ನನ್ನ ಕಣ್ಣೆದುರೇ ಕರಗುತ್ತಿತ್ತು. ಆದರೂ ಎದೆ ಉಬ್ಬಿತ್ತು, ಸುಳ್ಳು ಯಾಕೆ ಹೇಳಲಿ.

'ಮಾಸ್ಟರ್, ನಾನು ಸುಮ್ಮನಿರಬೇಕಿತ್ತಾ?' ಅಂತ ಕೇಳಿದಳು. ಅಪರೂಪಕ್ಕೆ ಕನ್ನಡದಲ್ಲಿ.

'ಸುಮ್ಮನಿದ್ದಿದ್ದರೆ ನಿನ್ನನ್ನ ನಾನೇ ಕ್ಲಾಸಿಂದ ಕಳಿಸ್ತಿದ್ದೆ ಕಣಮ್ಮ' ಅಂದೆ.

ಆಗ ಹೆಡ್‌ಫೋನಿನಲ್ಲಿ ಹೊಸ ದನಿಯೊಂದು ಬಂತು, ದಪ್ಪ ದನಿ. ರಾಕ್ಷಸರ ನಾಯಕ. ಯಾಕೆ ನಿಂತೆ, ಆ ಮಾತೇನು ಅಂತ ಅವಳನ್ನು ಕೇಳಿದ. ವಿವರಿಸಿದಳು. ಇದನ್ನು ಕಲಿಸಿದವರು ಯಾರು ಅಂದ. ಅವಳು ಕಲ್ಲಿನ ಮೇಲೆ ಕೂತಿದ್ದ ಕುಳ್ಳನನ್ನು ತೋರಿಸಿದಳು. ಕೊಂಬಿನ ತಲೆ ನನ್ನ ಕಡೆ ತಿರುಗಿ ಬಗ್ಗಿತು.

ಹಾಲ್ ತೆರೆದ ಸಂಜೆ, ಕೋವಿಡ್ ಅಂತ ಕಿಟಕಿಗಳೆಲ್ಲ ಹಾರುಹೊಡೆದಿದ್ದವು, ಒಳಗೆ ಕೊರೆಯುವ ಚಳಿ. ಕಮಿಟಿಯಾಕೆ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದಳು. ನಮ್ಮ ಮಕ್ಕಳು ಬಂದರು. ಹೊರಟುಹೋಗಿದ್ದ ಇಬ್ಬರಲ್ಲಿ ಒಬ್ಬ ಮುಖ ತಗ್ಗಿಸಿಕೊಂಡು ಬಂದ; ಜಾಲರಿ ಅವನ ಕೈಗೆ ಕೊಟ್ಟೆ. ಅಷ್ಟಾದರೂ ಹಾಲ್ ಅರ್ಧ ಖಾಲಿ. ಆಗ ಬಾಗಿಲಿಗೆ ಅಡ್ಡವಾಗಿ ಆಜಾನುಬಾಹು ಗಂಡಸೊಬ್ಬ ಬಂದು ನಿಂತ, ಬೆನ್ನ ಹಿಂದೆ ಹತ್ತು ಹನ್ನೆರಡು ಜನ. ಅವನ ಆಫೀಸು ದೂರದ ರಾಜಧಾನಿಯ ಕಡೆ, ಲೆಪರ್ಡ್ಸ್‌ಟೌನ್‌ನಲ್ಲಂತೆ. ಮನೆಯಿಂದಲೇ ಕೆಲಸ ಅಂತಾದ ಮೇಲೆ ಇಲ್ಲೇ ಡಗ್ಲಸ್‌ನಲ್ಲಿ ಅಮ್ಮನ ಮನೆಗೆ ಬಂದು ಕೂತಿದ್ದ. ದನಿ ಕೇಳಿದ ತಕ್ಷಣ ಗುರುತು ಹಿಡಿದೆ: ಆ ರಾಕ್ಷಸರ ನಾಯಕ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಡ್ಡ ಎಲ್ಲಿ ಅಂತ ಕೇಳಿದ.

ಹುಡುಗಿಯ ಎದುರೇ ನಿಲ್ಲಿಸಿದೆ. ನಿಜವಾದ ಕತ್ತಿಯನ್ನು ಅವನು ಹಿಡಿದದ್ದು ಅದೇ ಮೊದಲು. ಅವಳ ಕತ್ತಿಯ ತುದಿ ಅವನ ತೋಳಿನ ಒಳಮಗ್ಗುಲನ್ನು ಎಷ್ಟು ಹಗುರವಾಗಿ ಮುಟ್ಟಿತು ಅಂದರೆ, ಪಕ್ಕದಲ್ಲೇ ನಿಂತಿದ್ದ ನನಗೂ ಕಾಣಲಿಲ್ಲ. ಅಷ್ಟು ದೊಡ್ಡ ಆಳು ಕತ್ತಿ ಇಳಿಸಿ, ಸೊಟ್ಟ ಉಚ್ಚಾರಣೆಯಲ್ಲಿ, ಹಾಲ್‌ಗೆಲ್ಲ ಕೇಳುವ ಹಾಗೆ 'ತಾಗಿತು' ಅಂದ.

ಯೋಗದವರಿಗೆ ಬೇರೆ ಸಂಜೆ ಹುಡುಕೋಣ ಅಂದಳು ಕಮಿಟಿಯಾಕೆ. ಸಂತೋಷದಲ್ಲಿ ಚೌಕಾಸಿ ಮರೆಯಬಾರದು, ಇದನ್ನೂ ನೆನಪಿಟ್ಟುಕೊಳ್ಳಿ. ಇಷ್ಟು ಜನಕ್ಕೆ ಒಂದೇ ಸಂಜೆ ಸಾಲದು, ಇನ್ನೊಂದು ಕೊಡಿ ಅಂತ ಅಲ್ಲೇ ಮಾತು ತೆಗೆದೆ. ಆ ಮಾತು ಇತ್ಯರ್ಥ ಆಗುವಷ್ಟರಲ್ಲಿ ನನ್ನ ರಾಕ್ಷಸ ಕುರ್ಚಿಗಳನ್ನೆಲ್ಲ ಎತ್ತಿ ಗೋಡೆಗೆ ಜೋಡಿಸಿಬಿಟ್ಟಿದ್ದ.