ಕೆರೆ ಕಾಣುವ ಮೇಜು

ಇಬ್ಬರ ಊಟಕ್ಕೆ ತೆರಿಗೆ ಸೇರಿ ಏಳುನೂರ ತೊಂಬತ್ತೆಂಟು ರೂಪಾಯಿ ಬಿತ್ತು. ಕೆರೆ ಕಾಣುವ ಮೇಜು, ಗಾಜಿನ ಲೋಟದೊಳಗೆ ಮೇಣದ ಬತ್ತಿ, ಮಾತಿಗೆ ಅಡ್ಡ ಬರದಷ್ಟು ಸಂಗೀತ, ಎಲ್ಲ ಅದರಲ್ಲೇ. ಹುಬ್ಬಳ್ಳಿಯಲ್ಲಿ ಇಂಥ ಜಾಗಕ್ಕೆ ಇದು ಕಡಿಮೆ ದರ. ಕಡಿಮೆಯಾದದ್ದಕ್ಕೆ ಕಾರಣ ಎರಡು: ಗಿರಾಕಿ ಕಡಿಮೆ ಇರುವ ಮಂಗಳವಾರ ಆರಿಸಿಕೊಂಡೆ, ಮತ್ತು ಮೆನು ಬಿಟ್ಟು ಬಫೆ ಒಪ್ಪಿಕೊಂಡೆ. ಮೊದಲನೆಯದನ್ನು ನೀವೂ ಮಾಡಿರಿ. ಎರಡನೆಯದನ್ನು ಮಾಡುವ ಮುಂಚೆ ಇದನ್ನು ಓದಿರಿ.

ನಾನು ಸುಳ್ಳ ಎಂಬ ಹಳ್ಳಿಯವನು. ಸೈಕಲ್ಲಿಗೆ ಸ್ಟೀಲ್ ಪಾತ್ರೆ ಕಟ್ಟಿಕೊಂಡು ಅಮ್ಮಿನಬಾವಿಯವರೆಗೂ ತಿರುಗಿ ಮಾರಿದವನು. ಈಗ ಕಮರಿಪೇಟೆಯಲ್ಲಿ ಸ್ವಂತ ಅಂಗಡಿ ಇದೆ. ಅಣ್ಣತಮ್ಮಂದಿರು ಕೂಡಿದ್ದಾಗ ನಮ್ಮ ಮನೆಯಲ್ಲಿ ಗಂಡಸರು ಮೊದಲು ಸಾಲಾಗಿ ಕೂತು ಉಣ್ಣುತ್ತಿದ್ದೆವು, ಹೆಂಗಸರು ಆಮೇಲೆ ಅಡಿಗೆಮನೆಯಲ್ಲಿ. ಎರಡೂ ಕಡೆ ಗದ್ದಲ, ನಗೆ. ಹೋದ ವರ್ಷ ಬೇರೆಯಾದೆವು, ಜಗಳವಿಲ್ಲದೆ. ಮಗಳು ಧಾರವಾಡದ ಹಾಸ್ಟೆಲ್ ಸೇರಿದಳು. ಉಳಿದವರು ಇಬ್ಬರು. ಆದರೆ ಊಟದ ಪದ್ಧತಿ ಮಾತ್ರ ಹಾಗೆಯೇ ಉಳಿಯಿತು. ನಾನು ಪಡಸಾಲೆಯಲ್ಲಿ ತಾಟಿನ ಮುಂದೆ, ಹೆಂಡತಿ ಗೋಡೆಯಾಚೆ ಒಲೆಯ ಮುಂದೆ. ಜೋಳದ ರೊಟ್ಟಿ ತಟ್ಟುವ ಸಪ್ಪಳ ಕೇಳುತ್ತದೆ, ರೊಟ್ಟಿ ಬರುತ್ತದೆ, ಕೈ ಕಾಣುತ್ತದೆ, ಮತ್ತೆ ಆಕೆ ಒಳಗೆ. ನಾನು ಕೈ ತೊಳೆದ ಮೇಲೆಯೇ ಆಕೆಯ ತಾಟಿನ ಸಪ್ಪಳ. ಮಾತಾಡಲು ಯಾರೂ ಇಲ್ಲದ ಖಾನಾವಳಿಯಲ್ಲಿ ಉಂಡಷ್ಟೇ ಬೇಸರ, ಅದೂ ಸ್ವಂತ ಮನೆಯಲ್ಲಿ.

ನಮ್ಮ ಲಗ್ನವಾದ ದಿನ ಹತ್ತಿರ ಬಂದಿತ್ತು. ಸೀರೆ, ಬಂಗಾರ ಯಾವುದೂ ಬೇಡ, ಎದುರು ಬದುರು ಕೂತು ಒಂದು ಹೊತ್ತು ಉಂಡರೆ ಸಾಕು ಅನ್ನಿಸಿತು. ಒಲೆ ಬೇರೆಯವರದಾದರೆ ಆಕೆ ಕೂತೇ ಕೂಡುತ್ತಾಳೆ, ಇದು ನನ್ನ ಲೆಕ್ಕ.

ಹೋಟೆಲ್ ಹುಡುಕುವುದು ಸುಲಭವಿರಲಿಲ್ಲ. ನಮ್ಮೂರಲ್ಲಿ ಶುದ್ಧ ಶಾಕಾಹಾರಿ ಅಂದರೆ ಟ್ಯೂಬ್‌ಲೈಟು, ಕಲ್ಲಿನ ಮೇಜು, ನೀವು ಮೊಸರು ಮುಗಿಸುವ ಮೊದಲೇ ಬೆನ್ನ ಹಿಂದೆ ಬಂದು ನಿಲ್ಲುವ ಮುಂದಿನ ಗಿರಾಕಿ. ಮಂದ ಬೆಳಕು ಬೇಕೆಂದರೆ ಪಕ್ಕದಲ್ಲೇ ಬಾರು. ಆ ವಾಸನೆಗೆ ನಮ್ಮಾಕೆ ಹೊಸ್ತಿಲು ದಾಟುವುದಿಲ್ಲ. ಗೋಕುಲ ರೋಡಿನಲ್ಲಿ ಒಂದು ಕಡೆ ಬೆಳಕು ಛಲೋ ಇತ್ತು, ತಾಟು ಎತ್ತಿ ನೋಡಿದೆ, ತಗಡಿನಷ್ಟು ತೆಳು. ತಾಟಿನಲ್ಲಿ ದುಡ್ಡು ಉಳಿಸುವವನು ಎಣ್ಣೆಯಲ್ಲೂ ಉಳಿಸುತ್ತಾನೆ. ಬಿಟ್ಟು ಬಂದೆ. ಕಡೆಗೆ ಉಣಕಲ್ ಕೆರೆಯ ಕಡೆ ಒಂದು ಮಹಡಿ ಮೇಲಿನ ಜಾಗ ಸಿಕ್ಕಿತು. ತಾಟು ಭಾರವಾಗಿತ್ತು.

ಮ್ಯಾನೇಜರ್ ಎಳೆಯ ವಯಸ್ಸಿನವರು, ಕಮೀಸಿನ ತೋಳು ಮಡಚಿಕೊಂಡಿದ್ದರು.

"ಬಫೆ ತಗೊಂಡ್ರ ಒಬ್ಬರಿಗೆ ನಾಕನೂರ ಐವತ್ತ್ರಿ ಸರ. ಮೆನು ನೋಡಿ ಹೇಳಿದ್ರ ಇಬ್ಬರದು ಹದಿನೈದನೂರು ದಾಟತೈತ್ರಿ."

"ಮಂಗಳವಾರ ಯಾರ ಬರ್ತಾರ ನಿಮ್ಮಲ್ಲಿ? ಖುರ್ಚಿ ಖಾಲಿ ಇಡೂಕಿಂತ ನಾವು ಕುಂತ್ರ ಛಲೋ ಅಲ್ಲೇನ್ರಿ?"

ನಾನೂರಕ್ಕೆ ಇಳಿದರು. ಮುನ್ನೂರ ಎಂಬತ್ತಕ್ಕೆ ನಿಲ್ಲಿಸಿದೆ. ಆಮೇಲೆ ಕೆರೆ ಕಡೆಯ ಮೇಜು ಕೇಳಿದೆ.

"ಅದು ಜೋಡಿಗೋಳಿಗೆ ಇಟ್ಟದ್ದರಿ ಸರ."

"ನಾವೂ ಜೋಡೀನ. ಬಾಸಿಂಗ ಕಟಗೊಂಡು ಬಂದ್ರ ನಂಬತೀರೇನು?"

ಅವರು ನಕ್ಕು ಆ ಮೇಜಿಗೆ ನಮ್ಮ ಹೆಸರು ಬರೆದುಕೊಂಡರು. ಅವತ್ತು ಅಂಗಡಿಗೆ ಮರಳುವಾಗ ನನಗೆ ನನ್ನ ಮೇಲೆಯೇ ಬಹಳ ಮೆಚ್ಚುಗೆ.

ಮಂಗಳವಾರ ಸಂಜೆ ಆಕೆ ಇಳಕಲ್ ಸೀರೆ ಉಟ್ಟು ಬಂದಳು. ಮೇಣದ ಬತ್ತಿ ನೋಡಿ, "ಲೈಟ್ ಹೋಗ್ಯಾವೇನ್ರಿ?" ಅಂದಳು. ನಾನು ನಕ್ಕೆ. ಆಕೆಯೂ ನಕ್ಕಳು. ಶುರು ಛಲೋ ಇತ್ತು.

ಬಫೆ ಅಂದರೆ ಎದ್ದು ಹೋಗಿ ಬಡಿಸಿಕೊಳ್ಳುವುದು. ನಾನು ಏಳುವ ಮೊದಲೇ ಆಕೆ ಎದ್ದಳು. ನನ್ನ ತಾಟು ತುಂಬಿಸಿ ತಂದು ಮುಂದಿಟ್ಟಳು.

"ನಿಂದು?"

"ತರತೇನಿ. ನೀವು ಚಾಲೂ ಮಾಡ್ರಿ, ಆರತೈತಿ."

ರೊಟ್ಟಿ ಸುಡುವ ಕಡೆ ಹೋಗಿ ನಿಂತಳು. ಅಲ್ಲಿ ರೊಟ್ಟಿ ಒಂದೊಂದೇ ಒಲೆಯಿಂದ ಇಳಿಯುತ್ತಿತ್ತು. ಬಿಸಿಯದೊಂದು ತಂದು ನನ್ನ ತಾಟಿಗೆ ಹಾಕಿ ಮತ್ತೆ ಹೋದಳು. ಮತ್ತೊಂದು ತಂದಳು. ನನ್ನೆದುರಿನ ಖುರ್ಚಿಯ ಮೇಲೆ ಆಕೆಯ ಪರ್ಸು ಮಾತ್ರ ಕೂತಿತ್ತು. ಕೆರೆಯಾಚೆ ದೀಪಗಳು ಹತ್ತಿಕೊಳ್ಳುತ್ತಿದ್ದವು. ಪಕ್ಕದ ಮೇಜಿನ ಹೊಸ ಜೋಡಿ ಒಬ್ಬರ ತಾಟಿನಿಂದ ಒಬ್ಬರು ಎತ್ತಿಕೊಂಡು ತಿನ್ನುತ್ತಿದ್ದರು. ನಾನು ಕೈ ತಡೆದೆ.

"ಯಾಕ್ರಿ, ಸೇರಲಿಲ್ಲೇನು?"

"ಸೇರೇತಿ. ನೀ ಕುಂದ್ರು."

"ಕುಂದ್ರತೇನಿ. ಇನ್ನೊಂದು ಉಬ್ಬಾಕತ್ತೈತಿ, ಅದನ್ನಷ್ಟು ತರತೇನಿ."

ಪಡಸಾಲೆಯನ್ನೇ ಮಹಡಿಯ ಮೇಲೆ ತಂದಿಟ್ಟಂತಾಗಿತ್ತು. ಗೋಡೆ ಒಂದು ಇರಲಿಲ್ಲ, ಆಕೆ ಅಲ್ಲಿ ನಿಂತದ್ದು ಕಾಣುತ್ತಿತ್ತು, ಅಷ್ಟೇ ವ್ಯತ್ಯಾಸ.

ನನ್ನ ಹೊಟ್ಟೆ ತುಂಬಿದ ಮೇಲೆ ಆಕೆ ತನ್ನ ತಾಟಿನೊಂದಿಗೆ ಬಂದು ಕೂತಳು. ವೇಟರ್ ನನ್ನ ತಾಟು ಎತ್ತಿಬಿಟ್ಟರು. ಬರಿಗೈಯಲ್ಲಿ ಕೂಡಲಾರದೆ ಐಸ್‌ಕ್ರೀಮ್ ಹಾಕಿಸಿಕೊಂಡು ಬಂದು, ಚಮಚದ ತುದಿಯಲ್ಲಿ ಅಷ್ಟಷ್ಟೇ ತಿನ್ನುತ್ತ ಕೂತೆ. ಆಕೆ ಬೇಗ ಬೇಗ ನುಂಗುತ್ತಿದ್ದಳು.

"ಸಾವಕಾಶ ಉಣ್ಣು."

"ನೀವು ಹಂಗ ನೋಡಾಕತ್ರ ನನಗ ತುತ್ತು ಇಳಿಯಂಗಿಲ್ರಿ. ಆ ಕಡಿ ಕೆರಿ ನೋಡ್ರಿ."

ಕೆರೆ ನೋಡಿದೆ. ಅಷ್ಟು ಚೌಕಾಶಿ ಮಾಡಿ ಹಿಡಿದ ಮೇಜು, ಆಕೆಯ ಮುಖದಿಂದ ಕಣ್ಣು ಆಚೆ ಇಡುವುದಕ್ಕೆ ಉಪಯೋಗಕ್ಕೆ ಬಂತು. ಐಸ್‌ಕ್ರೀಮ್ ಕರಗಿ ನೀರಾಯಿತು. ಸ್ಕೂಟರ್ ಹತ್ತುವಾಗ ಆಕೆ, "ಭಾಳ ಛಲೋ ಆತ್ರಿ, ನಿಮಗ ಎಲ್ಲಾ ಬಿಸಿ ಬಿಸಿ ಸಿಕ್ತು" ಅಂದಳು. ಖರೇ ಸಂತೋಷದಿಂದಲೇ ಅಂದಳು. ನಾನು ಹೂಂ ಅಂದೆ.

ಮರುದಿನ ಮನೆಯಲ್ಲಿ ಹೇಳಿ ನೋಡಿದೆ: ಎಲ್ಲ ರೊಟ್ಟಿ ಮೊದಲೇ ಮಾಡಿಟ್ಟುಬಿಡು, ಕೂಡಿಯೇ ಉಣ್ಣೋಣ.

"ದಣಿದು ಬಂದವರಿಗೆ ಆರಿದ್ದು ಹಾಕಲೇನು? ನಮ್ಮವ್ವ ಕೇಳಿದ್ರ ಏನಂದಾಳು," ಅಂದು ಹಿಟ್ಟಿಗೆ ಕೈ ಹಾಕಿದಳು. ಗೋಡೆಯಾಚೆ ಸಪ್ಪಳ ಶುರುವಾಯಿತು. ನಾನು ತಾಟಿನ ಮುಂದೆ ಕೂತೆ.

ಈಗ ಧಾರವಾಡದ ದಾರಿಯಲ್ಲಿ ಇನ್ನೊಂದು ಜಾಗ ನೋಡಿಟ್ಟಿದ್ದೇನೆ. ಆಕೆಗೆ ಇನ್ನೂ ಹೇಳಿಲ್ಲ. ನೀವೂ ಹೋಗುವವರಿದ್ದರೆ ಕೇಳಿರಿ. ವಾರದ ನಡುವೆ ಹೋಗಿರಿ, ತಾಟು ಎತ್ತಿ ತೂಕ ನೋಡಿರಿ, ದರ ಇಳಿಸಿರಿ. ಆದರೆ ಬಫೆ ಎಷ್ಟು ಅಗ್ಗ ಸಿಕ್ಕರೂ ಬೇಡ. ಮೇಜಿಗೆ ತಂದು ಬಡಿಸುವ ಹೋಟೆಲ್ ಹಿಡಿಯಿರಿ, ದುಡ್ಡು ಹೆಚ್ಚಾದರೆ ಎರಡು ಪಲ್ಯದ ಬದಲು ಒಂದು ಹೇಳಿರಿ. ಎದುರು ಬದುರು ಕೂಡಬೇಡಿರಿ, ಇಬ್ಬರೂ ಒಂದೇ ಕಡೆ ಮುಖ ಮಾಡಿ ಪಕ್ಕದಲ್ಲಿ ಕೂಡಿರಿ, ನೋಡುತ್ತಿದ್ದಾರೆಂಬ ಸಂಕೋಚ ಆಕೆಗೆ ಇರುವುದಿಲ್ಲ. ಮೊದಲ ರೊಟ್ಟಿ ಆಕೆಯ ತಾಟಿಗೇ ಹಾಕಬೇಕೆಂದು ವೇಟರಿಗೆ ಮುಂಚೆಯೇ ಹೇಳಿಡಿರಿ. ಆಕೆ ತುತ್ತು ಮುರಿಯುವವರೆಗೆ ನೀವು ಕೈ ಹಚ್ಚಬೇಡಿರಿ. ಆರತೈತಿ, ಆರತೈತಿ ಅನ್ನುತ್ತಾಳೆ. ಆರಲಿ.