ಗೊತ್ತಿಲ್ಲದ ನಂಬರುಗಳಿಗೆ ಒಂದು ನಿಯಮ

ನನಗೆ ಬೀಗ ಹಾಕುವುದೆಂದರೆ ಮೊದಲಿನಿಂದಲೂ ಇಷ್ಟ. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಸಡಿಲಾಗಿದ್ದರೂ ನನಗೆ ಊಟ ರುಚಿಸುವುದಿಲ್ಲ. ಅಂಥವಳಿಗೆ ಸಿಕ್ಕ ನೌಕರಿಯೂ ಅಂಥದ್ದೇ. ಹಾಸಿಗೆ ಹಿಡಿದವರ ಆರೈಕೆಯನ್ನು ಅವರ ಮನೆಗೇ ಹೋಗಿ ಮಾಡುವ ಒಂದು ಸಣ್ಣ ಸಂಸ್ಥೆ ರೋಣದಲ್ಲಿದೆ. ಅಲ್ಲಿ ನರ್ಸ್‌ಗಳ ಫೋನುಗಳನ್ನು ನೋಡಿಕೊಳ್ಳುವವಳು ನಾನು. ನರಗುಂದ, ಗಜೇಂದ್ರಗಡ ಕಡೆಯ ಹಳ್ಳಿಗಳಲ್ಲಿ ಅವರು ಸ್ಕೂಟಿ ಮೇಲೆ ತಿರುಗುತ್ತಿದ್ದರೆ, ಅವರ ಕೈಯಲ್ಲಿರುವ ಸಂಸ್ಥೆಯ ಫೋನು ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ನಾನು ರೋಣದ ಆಫೀಸಿನಲ್ಲಿ ಕುಳಿತು ತೀರ್ಮಾನಿಸುತ್ತೇನೆ. ಯಾವ ಆ್ಯಪ್ ಇರಬೇಕು, ಯಾವುದು ಬೇಡ, ಪರದೆ ಎಷ್ಟು ಹೊತ್ತಿಗೆ ತಾನಾಗಿ ಮುಚ್ಚಿಕೊಳ್ಳಬೇಕು, ಎಲ್ಲಾ ನಂದೇ ಕಾರುಬಾರು. ನರ್ಸ್‌ಗಳು ಹಿಂದಿನಿಂದ ನನ್ನನ್ನು 'ಅತ್ತಿ' ಎನ್ನುತ್ತಾರೆಂದು ಗೊತ್ತು. ಎನ್ನಲಿ.

ಮೊದಲು ಒಂದೊಂದು ಫೋನನ್ನೂ ಕೈಗೆ ತೆಗೆದುಕೊಂಡು ನಿಯಮ ಹಾಕಬೇಕಾಗಿತ್ತು. ಕಳೆದ ವರ್ಷ ನಮ್ಮ ಕರೆಗಳ ಆ್ಯಪ್ ಮಾಡುವ ಕಂಪನಿಯವರು ನಿಯಮಗಳ ಟೆಂಪ್ಲೇಟ್ ಕಳಿಸಿದರು. ಲಗ್ನಪತ್ರಿಕೆ ಅಂಗಡಿಯಲ್ಲಿ ಹೆಸರಿನ ಜಾಗ ಖಾಲಿ ಬಿಟ್ಟು ಉಳಿದದ್ದೆಲ್ಲ ಮೊದಲೇ ಅಚ್ಚಾಗಿರುತ್ತದಲ್ಲ, ಹಾಗೆ. ಆ ಫೈಲನ್ನು ನಮ್ಮ ವ್ಯವಸ್ಥೆಗೆ ಸೇರಿಸಿದರೆ ಸಾಕು, ಆ್ಯಪಿನ ಹೊಟ್ಟೆಯೊಳಗಿನ ಒಂದೊಂದು ಸಂಗತಿಯೂ ಸಾಲು ಸಾಲಾಗಿ ಪರದೆ ಮೇಲೆ ತೆರೆದುಕೊಳ್ಳುತ್ತದೆ. ಪ್ರತಿ ಸಾಲಿನ ಮುಂದೆ ಮೂರು ಆಯ್ಕೆ: ಹೌದು, ಇಲ್ಲ, ಇದ್ದಂತೆ ಬಿಡು. ಒತ್ತಿದರೆ ಎಲ್ಲ ಫೋನುಗಳಿಗೂ ಅದು ಮುಟ್ಟುತ್ತದೆ. ಅದನ್ನು ಸೇರಿಸಿದ ದಿನ ನಾನು ಖುಷಿಗೆ ಇಡೀ ಆಫೀಸಿಗೆ ಮಿರ್ಚಿ ತರಿಸಿದ್ದೆ.

ಅದರಲ್ಲಿ ಒಂದು ಸಾಲು, ಪಟ್ಟಿಯಲ್ಲಿಲ್ಲದ ನಂಬರುಗಳ ಕರೆಯನ್ನು ತಡೆಯುವುದು. ಹೌದು ಎಂದು ಇಟ್ಟರೆ, ನಾವು ಪಟ್ಟಿಗೆ ಹಾಕಿದ ನಂಬರುಗಳಿಂದ ಮಾತ್ರ ನರ್ಸ್ ಫೋನು ರಿಂಗಾಗುತ್ತದೆ. ಬೇರೆ ಯಾರೇ ಮಾಡಲಿ, ಫೋನು ತುಟಿ ಪಿಟಕ್ಕೆನ್ನುವುದಿಲ್ಲ, ಕರೆ ಬಂದಿತ್ತೆಂಬ ಗುರುತೂ ಉಳಿಯುವುದಿಲ್ಲ. ಆಗ ನಮಗೆ ಇದು ಬೇಕಾಗಿಯೂ ಇತ್ತು. ಮೋಸದ ಕರೆಗಳ ಹಾವಳಿ ಮಿತಿಮೀರಿತ್ತು. ಗಜೇಂದ್ರಗಡದ ನಮ್ಮ ಒಬ್ಬ ನರ್ಸ್, ನಿಮ್ಮ ಹೆಸರಿನ ಪಾರ್ಸೆಲ್ ಪೊಲೀಸರ ಕೈಗೆ ಸಿಕ್ಕಿಬಿದ್ದಿದೆ ಎಂದು ಬೆದರಿಸಿದವನ ಮಾತಿಗೆ ಅಳುತ್ತಾ ಬಸ್ ಸ್ಟ್ಯಾಂಡಿನಲ್ಲಿ ಕುಳಿತುಬಿಟ್ಟಿದ್ದಳು. ಸಂಸ್ಥೆಯ ಮುಖ್ಯಸ್ಥರು, ನಾವೆಲ್ಲ ಸರ್ ಎನ್ನುವವರು, ನನ್ನ ಮೇಜಿನ ಹತ್ತಿರ ಬಂದು ನಿಂತರು.

"ಸೋಮವಾರದಿಂದ ಅದನ್ನ ಹಾಕಿಬಿಡ್ರಿ. ನಮ್ಮ ಹುಡುಗ್ಯಾರು ಸುಖಾ ಇರಲಿ."

ನನಗೂ ಅದೇ ಬೇಕಾಗಿತ್ತು. ಮೊದಲು ನನ್ನ ಫೋನಿಗೇ ಹಾಕಿ ನೋಡಿದೆ. ನಮ್ಮವ್ವನ ನಂಬರಿನಿಂದ ಮಾಡಿಸಿದರೂ ಫೋನು ಸುಮ್ಮನೇ ಬಿದ್ದಿತ್ತು. ಭಲೆ ಎಂದುಕೊಂಡೆ.

ಆ ವಾರದ ಸಭೆಗೆ ನರಗುಂದದಿಂದ ಬಂದಿದ್ದ ನರ್ಸ್‌ಗೆ ಈ ಸುದ್ದಿ ಕೇಳಿ ಮುಖ ಬಾಡಿತು. ನನಗಿಂತ ಹಿರಿಯರು, ಬಾಯಿ ಜೋರು, ಎಲ್ಲರಿಗೂ ಅಕ್ಕಾರು. ಸಭೆ ಮುಗಿದ ಮೇಲೆ ನನ್ನನ್ನು ಮೂಲೆಗೆ ಕರೆದುಕೊಂಡು ಹೋದರು.

"ಮೇಡಂ, ನೀವು ಹಿಂಗ ಮಾಡಿದ್ರ ಕೊಣ್ಣೂರಿನ ಯವ್ವನ ರಿಂಗ್ ನನಗ ಮುಟ್ಟೂದಿಲ್ಲ."

"ಅವರ ನಂಬರ್ ಕೊಡ್ರಿ, ಪಟ್ಟಿಗೆ ಹಾಕ್ತೀನಿ."

"ಅವರಿಗೆ ನಂಬರ್ ಎಲ್ಲೈತ್ರಿ?"

ಆಗ ತಿಳಿಯಿತು. ಕೊಣ್ಣೂರಿನ ಆ ಹೆಂಗಸಿನ ಗಂಡ ಲಕ್ವಾ ಹೊಡೆದು ಮಲಗಿದ್ದರು. ಅವರಿಗೆ ಮೂತ್ರಕ್ಕೆ ಕೊಳವೆ ಹಾಕಿದ್ದರು. ಆಗಾಗ ಅದು ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಹೊಟ್ಟೆ ಉಬ್ಬಿ ಆ ಮನುಷ್ಯ ಒದ್ದಾಡಿಬಿಡುತ್ತಾರೆ, ಬಾಯಿಬಿಟ್ಟು ಹೇಳಲೂ ಬರುವುದಿಲ್ಲ. ಮನೆಯ ಒಂದೇ ಫೋನು ಮಗನ ಜೊತೆ ಹೊಲಕ್ಕೆ ಹೋಗುತ್ತದೆ. ಹೀಗಾಗಿ ಯವ್ವ ಓಣಿಯಲ್ಲಿ ಯಾರದ್ದಾದರೂ ಫೋನು ಕೇಳಿ ಅಕ್ಕಾರಿಗೆ ರಿಂಗು ಕೊಡುತ್ತಾರೆ. ಒಂದು ರಿಂಗಿಗೆ ಕಟ್ ಮಾಡಿ ಬಿಟ್ಟರೆ ಕೊಳವೆ ಕಟ್ಟಿದೆ, ಲಗೂ ಬರಬೇಕು. ಎರಡಕ್ಕೆ ಬಿಟ್ಟರೆ ಎಲ್ಲ ಸರಿ ಇದೆ, ಸಾವಕಾಶ ಬಂದರಾಯಿತು.

"ಮಾತಾಡಿ ಹೇಳಾಕ ಏನಾಗೇತಿ ಅವರಿಗೆ?" ಎಂದು ಸಿಡುಕಿದೆ.

"ಮಂದಿ ಕಟ್ಟಿ ಮ್ಯಾಲ ನಿಂತು ಗಂಡನ ಉಚ್ಚಿ ಸುದ್ದಿ ಹೆಂಗ ಹೇಳ್ತಾರ್ರಿ? ಊರಾಗ ಪಂಚಾಯ್ತಿ ಮಾಡಿದ ಮನಶ್ಯಾ ಅವರು. ಯಜಮಾನ್ರ ಮರ್ಯಾದಿ ಕಾಯಾಕ ಯವ್ವ ಈ ಉಪಾಯ ಮಾಡ್ಯಾರ."

"ಸಾಲ ಕೊಡ್ತೀವಿ ಅನ್ನಾವ್ರದೋ, ಅವರದೋ, ನಿಮಗ ಹ್ಯಾಂಗ ಗೊತ್ತಾಗತೈತಿ?"

"ಸಾಲದವ್ರು ಅಷ್ಟ ಲಗೂ ಬಿಡ್ತಾರೇನ್ರಿ?" ಎಂದು ಅಕ್ಕಾರು ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಚೆಂದದ ನಿಯಮಕ್ಕೆ ಅಡ್ಡ ಬಂದರೆಂಬ ಸಿಟ್ಟು ಇತ್ತು.

ಓಣಿಯವರ ನಂಬರುಗಳನ್ನೆಲ್ಲ ಪಟ್ಟಿಗೆ ಹಾಕಿದರೆ ಮುಗಿಯಿತಲ್ಲ ಎಂದುಕೊಂಡು ಮರುದಿನ ನರಗುಂದದ ಬಸ್ ಹತ್ತಿದೆ. ಅಲ್ಲಿಂದ ಅಕ್ಕಾರ ಸ್ಕೂಟಿ ಹಿಂದೆ ಕುಳಿತು ಕೊಣ್ಣೂರಿಗೆ ಹೋದೆ. ಗೋವಿನಜೋಳದ ತೆನೆ ರಸ್ತೆ ಮೇಲೆಯೇ ಒಣಗಲು ಹಾಕಿದ್ದರು. ಅಕ್ಕಾರು ಅದರ ಮೇಲೆ ಹಾಯಿಸದಂತೆ ಗಾಡಿ ಓಡಿಸುತ್ತಾ ದಾರಿಯುದ್ದಕ್ಕೂ ನನಗೆ ಬೆಳೆಯ ಧಾರಣೆ ಹೇಳಿದರು.

ಯವ್ವ ತೆಳ್ಳಗಿನ, ಚುರುಕಿನ ಹೆಂಗಸು. ಗಂಡನ ಮಗ್ಗುಲು ಬದಲಿಸಿ, ಹೊದಿಕೆಯನ್ನು ಎದೆಯವರೆಗೆ ಎಳೆದು, ತಲೆ ಬಾಚಿದ ಮೇಲೆಯೇ ನಮ್ಮನ್ನು ಒಳಗೆ ಕರೆದರು. ಬಂದ ಕಾರಣ ಹೇಳಿದೆ. ಯಾರ ಯಾರ ಫೋನಿನಿಂದ ಮಾಡುತ್ತೀರಿ ಎಂದು ಕೇಳಿದೆ.

"ಯಾರ ಬಾಗಲಾ ತೆರದಿರತೈತಿ ಅವರದು, ತಂಗೆವ್ವಾ."

ಅಕ್ಕಾರು ಓಣಿಗೆ ಹೋಗಿ ಒಂದು ಕೂಗು ಹಾಕಿದರು. ಒಬ್ಬೊಬ್ಬರೇ ಫೋನು ಹಿಡಿದು ಬಂದರು. ಯಾಕೆ ಏನು ಎಂದು ಯಾರೂ ಕೇಳಲಿಲ್ಲ. ಎಲ್ಲರಿಗೂ ಆ ರಿಂಗಿನ ಅರ್ಥ ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು, ಅಷ್ಟೆ. ಗಟಾರದ ಜಗಳಕ್ಕೆ ಯವ್ವನ ಜೊತೆ ಮಾತು ಬಿಟ್ಟಿದ್ದ ಎದುರುಮನೆಯ ಹೆಂಗಸೂ ಹೊಸ್ತಿಲ ಹೊರಗೆ ನಿಂತು, ಗೋಡೆ ಕಡೆ ಮುಖ ಮಾಡಿ ಹೇಳಿದಳು.

"ನಂದೂ ಬರಕೋರಿ. ಮಾತ ಇಲ್ಲ ಖರೇ, ಫೋನ ಕೊಡಾಕ ನಾ ಎಂದೂ ಒಲ್ಲೆ ಅಂದಿಲ್ಲ."

ಯವ್ವನೂ ಆಕೆಯತ್ತ ನೋಡದೆ ತಲೆಯಾಡಿಸಿದರು. ಗುರುತಿಲ್ಲದವರನ್ನು ಹೊರಗಿಡುವುದೇ ಸುರಕ್ಷತೆ ಎಂದು ನಂಬಿಕೊಂಡು ಬಂದವಳು ನಾನು. ಈ ಓಣಿ ಒಬ್ಬ ಮನುಷ್ಯನ ಮಾನವನ್ನು ಕಾದದ್ದು ಬಾಗಿಲು ತೆರೆದಿಟ್ಟು, ಬಾಯಿ ಮುಚ್ಚಿಕೊಂಡು. ಅದನ್ನು ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಆದರೂ ಕೆಲಸ ಮುಗಿಯಿತೆಂಬ ಸಮಾಧಾನವೂ ಇತ್ತು. ನಂಬರುಗಳು ಸಿಕ್ಕಿದ್ದವು, ಸೋಮವಾರ ಹಾಕಬಹುದಾಗಿತ್ತು.

ಚಹಾ ಕುಡಿದು ಎದ್ದೆವು. ಯವ್ವ ಗಂಡನ ಒಗೆದ ಪಂಚೆ ಮಡಚುತ್ತಿದ್ದರು. ಮಡಚುತ್ತಲೇ ನನ್ನನ್ನು ಕೇಳಿದರು, ದನಿ ತಗ್ಗಿಸಿ.

"ತಂಗೆವ್ವಾ, ಇವರು ಹೋದ ದಿವ್ಸ ಎಷ್ಟ ರಿಂಗ್ ಕೊಡ್ಲಿ?"

ಬಾಯಿ ಜೋರಿನ ಅಕ್ಕಾರು ಬಾಗಿಲ ಕಡೆ ತಿರುಗಿಬಿಟ್ಟರು. ಪ್ರಶ್ನೆ ನನ್ನ ಪಾಲಿಗೆ ಉಳಿಯಿತು.

"ಅವತ್ತ ಬಿಡಬ್ಯಾಡ್ರಿ, ಯವ್ವಾ. ಎತ್ತೂತನಾ ಹಂಗ ಇಟ್ಟಿರ್ರಿ. ಅಕ್ಕಾರು ಎತ್ತತಾರ."

"ಯಾರ ಫೋನಿಂದ ಮಾಡ್ತೀನೋ ಏನೋ. ಅವತ್ತ ಬ್ಯಾರೆ ಊರಾಗಿನ ಮಂದಿ ಮನಿ ತುಂಬ ಇರ್ತಾರ. ಯಾರ ಕೈಯಾಗಿಂದು ಸಿಗತೈತೋ."

ಸ್ಕೂಟಿ ಹತ್ತಿ ಹೊರಟೆವು. ಬರೆದುಕೊಂಡ ನಂಬರುಗಳು ಪರ್ಸಿನಲ್ಲಿದ್ದವು. ಯವ್ವ ಕೇಳಿದ ಆ ದಿನಕ್ಕೆ ಅವು ಉಪಯೋಗಕ್ಕಿಲ್ಲ ಎಂಬುದು ನನಗೆ ಸ್ಪಷ್ಟವಿತ್ತು.

ಶನಿವಾರ ಸರ್ ಎದುರು ಕುಳಿತು, ಕರೆ ತಡೆಯುವ ಸಾಲನ್ನು ನಾನು ಇದ್ದಂತೆ ಬಿಡುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು.

"ನೀವ ಬೀಗದ ಮಂದಿ, ಈಗ ನೀವ ಬಾಗಲಾ ತೆಗೀರಿ ಅಂತೀರಿ. ನಾಳೆ ಮತ್ತೊಬ್ಬಾಕಿ ಮೋಸ ಹೋದ್ರ?"

ಅವರ ಭಯ ಸುಳ್ಳೇನಲ್ಲ. ಬಸ್ ಸ್ಟ್ಯಾಂಡಿನಲ್ಲಿ ಅತ್ತವಳು ನನ್ನ ಕಣ್ಣ ಮುಂದೆಯೂ ಇದ್ದಳು. ಟೆಂಪ್ಲೇಟಿನ ಉಳಿದ ಸಾಲುಗಳನ್ನೂ ಫೋನಿನ ಬೇರೆ ನಿಯಮಗಳನ್ನೂ ಒಂದೊಂದಾಗಿ ತೋರಿಸಿದೆ. ಗೊತ್ತಿಲ್ಲದವರು ಕಳಿಸಿದ ಲಿಂಕು ತೆರೆಯದಂತೆ ಮಾಡಬಹುದು, ಹೊಸ ಆ್ಯಪ್ ಇಳಿಯದಂತೆ ಮಾಡಬಹುದು, ಪರದೆಯನ್ನು ಬೇರೆಯವರು ನೋಡದಂತೆ ಮಾಡಬಹುದು. ಅವನ್ನೆಲ್ಲ ಬಿಗಿ ಮಾಡಿದೆ. ಬೆದರಿಸುವವರಿಗೆ ಏನು ಹೇಳಬೇಕೆಂದು ನರ್ಸ್‌ಗಳನ್ನು ಕೂರಿಸಿಕೊಂಡು ಹೇಳಿಕೊಟ್ಟೆ. ಕರೆಯ ಸಾಲನ್ನು ಮುಟ್ಟಲಿಲ್ಲ. ಏನಾದರೂ ಆದರೆ ಜವಾಬ್ದಾರಿ ನಿಮ್ಮದೇ ಎಂದು ಸರ್ ಹೇಳಿದರು, ಒಪ್ಪಿಕೊಂಡೆ. ಆಮೇಲೆಯೂ ಮೋಸದ ಕರೆಗಳು ಬರುತ್ತಲೇ ಇದ್ದವು. ಪ್ರತಿ ಸಲ ಯಾರಾದರೂ ದೂರಿದಾಗ ಆ ಸಾಲನ್ನು ತೆರೆದು ನೋಡಿ ಮತ್ತೆ ಮುಚ್ಚುತ್ತಿದ್ದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಸಭೆ. ಸರ್ ಮಾತಾಡುತ್ತಿದ್ದರು. ಮೇಜಿನ ಮೇಲಿದ್ದ ಅಕ್ಕಾರ ಫೋನು ರಿಂಗಾಯಿತು. ಪರದೆಯಲ್ಲಿ ಹೆಸರಿಲ್ಲ, ಬರೀ ನಂಬರು. ಮೊದಲ ರಿಂಗಿಗೆ ಅಕ್ಕಾರು ಸ್ಕೂಟಿಯ ಕೀಲಿಗೆ ಕೈ ಹಾಕಿದರು. ಎರಡನೆಯದಕ್ಕೆ ಕೈ ಸಡಿಲಿಸಿದರು. ಮೂರನೆಯದೂ ಆಯಿತು, ನಾಲ್ಕನೆಯದೂ. ಸರ್ ಮಾತು ನಿಲ್ಲಿಸಿದರು. ಅಕ್ಕಾರು ಫೋನು ಮುಟ್ಟದೆ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅದನ್ನು ಎತ್ತಿ ಅವರ ಕಿವಿಗೆ ಹಿಡಿದೆ.